ಖಾಲಿ ಕೋಣೆಗಳ ಸವಾಲು

ಅವರು ಕಂಪ್ಯೂಟರಿನ ಮುಂದೆ ಕೂಡುತ್ತಿರಲಿಲ್ಲ, ನಿಲ್ಲುತ್ತಿದ್ದರು. ನಾನು ಕುರ್ಚಿ ಎಳೆದು ಕೊಟ್ಟರೂ, "ಕುಂತು ಸವಾಲ್ ನಡಸೋದು ನಮಗ ರೂಢಿ ಇಲ್ಲ ತಾಯಿ" ಎಂದು ನನ್ನ ಬೆನ್ನ ಹಿಂದೆ, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ಪರದೆಯನ್ನೇ ದಿಟ್ಟಿಸುತ್ತ ನಿಂತುಬಿಡುತ್ತಿದ್ದರು. ಧೋತರ, ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲ್ಲು. ಎಷ್ಟು ತೊಳೆದರೂ ಕಿವಿಯ ಮಡಿಕೆಗಳಲ್ಲಿ ಉಳಿದುಬಿಟ್ಟಿರುತ್ತಿದ್ದ ತೊಗರಿಯ ಹಳದಿ ಧೂಳು.

ನಮ್ಮ ಕಡೆ ಹರಾಜಿಗೆ ಸವಾಲು ಅನ್ನುತ್ತಾರೆ. ಅವರು ಕಲಬುರಗಿಯ ಕಾಳುಕಡಿಯ ಪೇಟೆಯಾದ ನೆಹರು ಗಂಜಿನಲ್ಲಿ, ಒಂದು ಅಡತ ಅಂಗಡಿಯಲ್ಲಿ, ಎಂದರೆ ದಲಾಲಿ ಅಂಗಡಿಯಲ್ಲಿ, ಮೂವತ್ತು ವರ್ಷ ಸವಾಲು ಕೂಗಿದವರು. ರೈತರು ತಂದು ಸುರಿದ ತೊಗರಿ ರಾಶಿಯ ಪಕ್ಕ ನಿಂತು, ಸುತ್ತ ನೆರೆದ ವ್ಯಾಪಾರಿಗಳಿಂದ ಒಂದೊಂದೇ ರೂಪಾಯಿ ಏರಿಸಿಕೊಳ್ಳುವುದು ಅವರ ಕೆಲಸ. ಊರು ಕಮಲಾಪುರ. ದಿನಾ ಬೆಳಿಗ್ಗೆ ಬಸ್ಸಿಗೆ ಬರುವುದು, ಸಂಜೆ ಬಸ್ಸಿಗೆ ಹೋಗುವುದು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಆಮೇಲೆ ನಮ್ಮ ಸೆಂಟರಿಗೆ ಬರುವವರೆಲ್ಲ ಹಾಗೇ ಕರೆದರು.

ಕಲಬುರಗಿಯಲ್ಲಿ ಗಲ್ಲಿಗೊಂದು ಇಂಟರ್ನೆಟ್ ಸೆಂಟರ್ ಹುಟ್ಟಿಕೊಂಡಿದ್ದ ಕಾಲ ಅದು. ನನ್ನದೂ ಒಂದಿತ್ತು: ಆರು ಕಂಪ್ಯೂಟರು, ಪ್ಲೈವುಡ್ಡಿನ ಗೂಡುಗಳು, ಹೊರಗೆ ಚಪ್ಪಲಿ ಬಿಡಲು ಒಂದು ಗೋಣಿತಟ್ಟು. ಪರೀಕ್ಷೆಯ ಫಲಿತಾಂಶ, ನೌಕರಿಯ ಅರ್ಜಿ, ದುಬೈಯಲ್ಲಿದ್ದ ಮಕ್ಕಳಿಗೆ ಪತ್ರ, ಇಷ್ಟೇ ನಮ್ಮ ವ್ಯವಹಾರ. ಒಂದು ಮಧ್ಯಾಹ್ನ ಕಾಕಾ ಬಾಗಿಲಲ್ಲಿ ನಿಂತು, ಅಂಗೈಯಲ್ಲಿ ಮಡಿಚಿಟ್ಟುಕೊಂಡಿದ್ದ ಚೀಟಿಯೊಂದನ್ನು ಚಾಚಿದರು.

"ತಾಯಿ, ಇಂಟರ್ನೆಟ್ಟಿನಾಗ ಹೋಟೆಲ್ ರೂಮ್ ಸವಾಲ್ ಆಗ್ತಾವಂತ, ಖರೇನು?"

ಚೀಟಿಯಲ್ಲಿ ಒಂದು ಸೈಟಿನ ಹೆಸರಿತ್ತು. ಮುಂಬೈಯಿಂದ ವಾಪಸು ಬರುವಾಗ ರೈಲಿನಲ್ಲಿ ಯಾರೋ ಬರೆದು ಕೊಟ್ಟದ್ದಂತೆ. ಮುಂಬೈಗೆ ಯಾಕೆ ಹೋಗಿದ್ದಿರಿ ಎಂದೆ.

"ಮನಿಯಾಕಿಗಿ ಗಂಟಲ ಕ್ಯಾನ್ಸರ್ ಅದ. ಅಲ್ಲಿ ದವಾಖಾನಿ ಗ್ವಾಡಿಗಿ ಹತ್ತಿ ಫುಟ್‌ಪಾತ್ ಮ್ಯಾಗ ಹನ್ನೊಂದ್ ದಿನ ಮಲಗಿದ್ವಿ. ಕರೆಂಟ್ ಕೊಟ್ಟು ಹೊರಗ ಕಳಸ್ತಾರ. ಅಕಿ ವಾಂತಿ ಮಾಡ್ಕೊಂತಾಳ, ಜನ ದಾಟಿಕೊಂಡು ಹೋಗ್ತಾರ. ಇನ್ನಾ ನಾಕ್ ಸಲ ಹೋಗೋದದ. ಇನ್ನೊಮ್ಮಿ ಅಕಿನ ಅಲ್ಲಿ ಮಲಗಸಂಗಿಲ್ಲ."

ಕರೆಂಟು ಎಂದರೆ ರೇಡಿಯೇಷನ್ ಎಂದು ನನಗೆ ಆಮೇಲೆ ತಿಳಿಯಿತು.

ಇಬ್ಬರೂ ಸೇರಿ ಆ ಸೈಟನ್ನು ಓದಿದೆವು. ಇಂಗ್ಲಿಷಿನದನ್ನು ನಾನು ಕನ್ನಡದಲ್ಲಿ ಹೇಳುವುದು, ಅವರು ನಿಂತು ಕೇಳುವುದು. ವ್ಯವಸ್ಥೆ ವಿಚಿತ್ರವಾಗಿತ್ತು. ಊರಿನ ಯಾವ ಭಾಗ, ಎಷ್ಟು ಸ್ಟಾರಿನ ಹೋಟೆಲು, ಯಾವ ತಾರೀಖು, ಇವನ್ನು ನಾವು ಹೇಳಬೇಕು. ಕೊಡುವ ಬೆಲೆಯನ್ನೂ ನಾವೇ ಹೇಳಬೇಕು. ಯಾವ ಹೋಟೆಲು ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ನಮ್ಮ ಬೆಲೆಗೆ ಯಾರಾದರೂ ಒಪ್ಪಿದರೆ ಆ ಕ್ಷಣವೇ ಕಾರ್ಡಿನಿಂದ ಹಣ ಹೋಗುತ್ತದೆ, ಆಮೇಲೆ ಹೋಟೆಲಿನ ಹೆಸರು ಬರುತ್ತದೆ. ಬೇಡವೆಂದರೆ ಹಣ ವಾಪಸಿಲ್ಲ, ಬೇರೆಯವರ ಹೆಸರಿಗೆ ಮಾಡುವಂತಿಲ್ಲ. ಯಾರೂ ಒಪ್ಪದಿದ್ದರೆ ಅದೇ ಸವಾಲನ್ನು ಮತ್ತೆ ಹಾಕಲು ಒಂದಿಡೀ ದಿನ ಕಾಯಬೇಕು. ಕಾಯದೆ ಹಾಕಬೇಕೆಂದರೆ ಇನ್ನೊಂದು ಭಾಗವನ್ನೋ ಇನ್ನೊಂದು ದರ್ಜೆಯನ್ನೋ ಸೇರಿಸಬೇಕು.

"ಹಂಗಾದ್ರ ಎದುರಿಗಿದ್ದಾಂವನ ಮಾರಿ ಕಾಣಂಗಿಲ್ಲ" ಎಂದರು ಕಾಕಾ.

ಅವರಿಗೆ ಅದೊಂದೇ ಕೊರತೆಯಾಗಿ ಕಂಡಿತು. ಗಂಜಿನಲ್ಲಿ ವ್ಯಾಪಾರಿ ರಾಶಿಯ ಕಡೆ ನೋಡುತ್ತಿದ್ದರೆ ಇನ್ನೂ ಏರಿಸುತ್ತಾನೆ, ತನ್ನ ಚಪ್ಪಲಿಯ ಕಡೆ ನೋಡಿದನೆಂದರೆ ಅವನ ಕೈ ಬಿಗಿಯಿತು ಎಂದು ತಿಳಿಯಬೇಕಂತೆ. ಇಲ್ಲಿ ಮುಖವೂ ಇಲ್ಲ, ಚಪ್ಪಲಿಯೂ ಇಲ್ಲ. ಆದರೆ ಅವರು ಬೇರೊಂದು ಪ್ರಶ್ನೆ ಕೇಳಿದರು.

"ಇವ್ರು ಯಾಕ ಕಮ್ಮಿಗಿ ಮಾರ್ತಾರ? ಗರಜೇನದ ಇವರಿಗಿ?"

ನನಗೂ ಗೊತ್ತಿರಲಿಲ್ಲ. ಅವರೇ ಯೋಚಿಸಿ ಉತ್ತರ ಕಂಡುಕೊಂಡರು. ತೊಗರಿ ಇವತ್ತು ಮಾರದಿದ್ದರೆ ಚೀಲ ಕಟ್ಟಿ ಇಡಬಹುದು, ಆದರೆ ಇವತ್ತಿನ ಖಾಲಿ ಕೋಣೆಯನ್ನು ನಾಳೆ ಮಾರಲಾಗುವುದಿಲ್ಲ. ಆದ್ದರಿಂದ ಕೋಣೆ ಖಾಲಿ ಇರುವ ದಿನ ಯಾವುದು ಎಂದು ಹುಡುಕಬೇಕು. ಕಂಪನಿಯ ಜನ ಇಳಿದುಕೊಳ್ಳುವ ಹೋಟೆಲುಗಳು ಶನಿವಾರ, ಭಾನುವಾರ ಖಾಲಿ. ಹಬ್ಬದ ಮರುದಿನ ಖಾಲಿ. ಮದುವೆಯ ದಿನಗಳಲ್ಲಿ ಕೈ ಹಾಕಬಾರದು.

"ಮೂವತ್ ವರ್ಷ ಮಾರೋರ ಕಡಿ ನಿಂತೀನಿ ತಾಯಿ. ಈಗ ಕೊಳ್ಳೋರ ಕಡಿ ನಿಂತು ನೋಡೋದು" ಎಂದು ಅವತ್ತು ಸ್ವಲ್ಪ ನಕ್ಕರು. ನಕ್ಕರೆ ಅವರ ಕೆಳಗಿನ ಒಂದೇ ಹಲ್ಲು ಕಾಣುತ್ತಿತ್ತು.

ಅವರು ಕಂಡುಹಿಡಿದ ಇನ್ನೊಂದು ಉಪಾಯವನ್ನು ನೆನೆದರೆ ಈಗಲೂ ನನಗೆ ಬೆರಗಾಗುತ್ತದೆ. ಮೊದಲ ಸವಾಲು ತಿರಸ್ಕಾರವಾಗಿತ್ತು. ನಾನು ನಾಳೆ ನೋಡೋಣ ಎಂದೆ. ಅವರು ಪರದೆಯ ಮೇಲಿನ ಮುಂಬೈ ನಕಾಶೆಯನ್ನು ಬಹಳ ಹೊತ್ತು ನೋಡಿ, ಒಂದು ಮೂಲೆಯ ಮೇಲೆ ಬೆರಳಿಟ್ಟರು.

"ಇಲ್ಲಿ ಮೂರು ಸ್ಟಾರಿನ ಹೋಟೆಲ್ ಅವೇನು ನೋಡು."

ನೋಡಿದೆ. ಒಂದೂ ಇರಲಿಲ್ಲ.

"ಹಂಗಾದ್ರ ಅದನ್ನ ಸೇರ್ಸು. ಅಲ್ಲಿ ಹೋಟೆಲ್ಲೇ ಇಲ್ಲ ಅಂದಮ್ಯಾಗ ಅಲ್ಲಿ ಬಿದ್ದೀತು ಅನ್ನೋ ಭಯ ಇಲ್ಲ. ಸವಾಲ್ ಮಾತ್ರ ಇನ್ನೊಂದು ಸಿಗ್ತದ."

ಹಾಗೇ ಮಾಡಿದೆ. ಸ್ವಲ್ಪ ಏರಿಸಿ ಹಾಕಿದೆವು. ಮತ್ತೆ ಇಲ್ಲ. ಇನ್ನೊಂದು ಬರಿದಾದ ಮೂಲೆ ಸೇರಿಸಿ, ಮತ್ತಷ್ಟು ಏರಿಸಿ ಹಾಕಿದೆವು. ಪರದೆಯ ಮೇಲೆ ಒಂದು ಹೋಟೆಲಿನ ಹೆಸರು ಮೂಡಿತು. ಆ ಹೋಟೆಲಿನ ಮಾಮೂಲಿ ದರದ ಅರ್ಧಕ್ಕೂ ಕಡಿಮೆ. ಆಸ್ಪತ್ರೆಯಿಂದ ಟ್ಯಾಕ್ಸಿಯಲ್ಲಿ ಹದಿನೈದು ನಿಮಿಷದ ದಾರಿ. ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಹೆಸರು ಇನ್ನೊಮ್ಮಿ ಓದು" ಎಂದರು. ಓದಿದೆ. ಮತ್ತೊಮ್ಮೆ ಓದಿಸಿದರು.

ಕಾರ್ಡು ನನ್ನ ಯಜಮಾನರದು, ಅವರು ಬ್ಯಾಂಕಿನಲ್ಲಿದ್ದರು. ಹೀಗಾಗಿ ಎಲ್ಲ ಲೆಕ್ಕಾಚಾರ ಕಾಕಾರದಾದರೂ ಕೊನೆಯ ಗುಂಡಿ ಒತ್ತುವವಳು ನಾನೇ ಆಗಿದ್ದೆ. ನಾನಿಲ್ಲದೆ ಕಾಕಾ ಒಂದು ಕೋಣೆಯನ್ನೂ ಹಿಡಿಯುವಂತಿರಲಿಲ್ಲ. ಅದನ್ನು ಇಲ್ಲೇ ಹೇಳಿಬಿಡಬೇಕು.

ಆ ಹೋಟೆಲಿನ ಬಾಗಿಲಲ್ಲಿ ನಡೆದದ್ದನ್ನು ವಾಪಸು ಬಂದ ಮೇಲೆ ಹೇಳಿದರು. ಕೌಂಟರಿನಲ್ಲಿದ್ದವನು ಇವರ ಧೋತರ ನೋಡಿದ, ಹೆಂಡತಿಯ ಕೊರಳಿನ ಕಪ್ಪಗೆ ಸುಟ್ಟ ಕಲೆ ನೋಡಿದ. ಇಲ್ಲಿ ಪೇಷಂಟುಗಳಿಗೆ ಕೋಣೆ ಕೊಡುವುದಿಲ್ಲ ಎಂದ. ಕಾಕಾ ಜಗಳವಾಡಲಿಲ್ಲ. ನಾನು ಕೊಟ್ಟ ಪ್ರಿಂಟನ್ನು ಮೇಜಿನ ಮೇಲೆ ಬಿಡಿಸಿಟ್ಟು, ಗಂಜಿನಲ್ಲಿ ಕೂಗುತ್ತಿದ್ದ ಅದೇ ಗಂಟಲಿನಲ್ಲಿ, "ನಾ ಬೇಡಾಕ ಬಂದಿಲ್ಲ, ಸವಾಲ್ ಹಿಡದು ಬಂದೀನಿ" ಎಂದು ತಮಗೆ ಬಂದ ಹಿಂದಿಯಲ್ಲಿ ಹೇಳಿದರಂತೆ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೀಲಿ ಸಿಕ್ಕಿತು.

ಆ ಸಲ ಊರಿಗೆ ಹೋಗುವ ಮುಂಚೆ ಹೆಂಡತಿಯನ್ನು ನನ್ನ ಸೆಂಟರಿಗೆ ಕರೆತಂದಿದ್ದರು. ಸಣ್ಣ ಜೀವ, ಸೆರಗನ್ನು ಕಿವಿಯವರೆಗೂ ಸುತ್ತಿಕೊಂಡಿದ್ದರು. ಧ್ವನಿ ಗಾಳಿಯಂತೆ ಬರುತ್ತಿತ್ತು, ಬಗ್ಗಿ ಕೇಳಬೇಕು.

"ಹಾಸಿಗಿ ಭಾಳ ಬೆಳ್ಳಗಿತ್ತವ್ವಾ. ಕೂದ್ಲ ಉದರ್ತಿದ್ವು. ನಂದೇ ಸೀರಿ ಹಾಸ್ಕೊಂಡು ಮಲಗಿದೆ. ಅವರ ಹಾಸಿಗಿ ಹೊಲಸ್ ಮಾಡಬಾರ್ದಲ್ಲ?"

"ಅದಕ್ಕ ರೊಕ್ಕ ಕೊಟ್ಟೀವಿ, ಮಲಕೋ ಅಂದ್ರ ಕೇಳ್ಲಿಲ್ಲ ತಾಯಿ ಇಕಿ" ಎಂದರು ಕಾಕಾ. ಬೈಯುವ ಧ್ವನಿ ಮಾಡಿದ್ದರು. ಕಣ್ಣು ಹೆಂಡತಿಯ ಮೇಲೇ ಇತ್ತು.

ಇನ್ನೂ ಎರಡು ಸಲ ಕೋಣೆ ಹಿಡಿದೆವು. ನಾಲ್ಕನೆಯದು ಅವರು ಹಿಡಿದವುಗಳಲ್ಲೆಲ್ಲ ಒಳ್ಳೆಯದು. ಆದರೆ ಹೊರಡಲು ಎರಡು ದಿನ ಇರುವಾಗ ಆಕೆ ಕಮಲಾಪುರದ ಮನೆಯಲ್ಲೇ ತೀರಿಕೊಂಡರು. ಮಣ್ಣು ಮಾಡಿದ ಎರಡನೆಯ ದಿನ ಕಾಕಾ ಸೆಂಟರಿಗೆ ಬಂದರು. ಎಂದಿನ ಜಾಗದಲ್ಲಿ ಕೈ ಕಟ್ಟಿಕೊಂಡು ನಿಂತರು. ನಾನು ಕೀಬೋರ್ಡು ಒರೆಸುತ್ತ ಕುಳಿತೆ.

"ಇವತ್ತು ಮುಂಬೈದಾಗ ಅಕಿ ಹೆಸರಿಲೆ ಒಂದ್ ಕೋಣಿ ಅದ, ನೋಡು ತಾಯಿ" ಎಂದರು. "ಹಾಸಿಗಿ ಹಾಸಿ ಇಟ್ಟಿರ್ತಾರ."

ಬೇರೆಯವರಿಗೆ ಕೊಡಲಾಗುತ್ತದೆಯೇ ಎಂದು ಕೇಳಲೆಂದೇ ಬಂದಿದ್ದರು. ಅವತ್ತು ಆಸ್ಪತ್ರೆಯ ಫುಟ್‌ಪಾತಿನಲ್ಲಿ ಯಾರಾದರೂ ಇರುತ್ತಾರಲ್ಲ, ಅವರನ್ನು ಕಳಿಸಬಹುದೇ ಎಂದು. ನಿಯಮದ ಪ್ರಕಾರ ಆಗುತ್ತಿರಲಿಲ್ಲ. ಆ ಕೋಣೆ ಎರಡು ದಿನ ಹಾಗೇ ಖಾಲಿ ಬಿದ್ದಿತು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಹದಿನೈದು ದಿನಕ್ಕೆ ಮತ್ತೆ ಬಂದರು, ಜೊತೆಯಲ್ಲಿ ಮಹಾಗಾಂವದ ಗಂಡ ಹೆಂಡತಿ. ಹೆಂಡತಿಗೆ ಎದೆಯಲ್ಲಿ ಗಡ್ಡೆ. ಅವರದಾದ ಮೇಲೆ ಇನ್ನೊಬ್ಬರು. ಮುಂಬೈಗೆ, ಹೈದರಾಬಾದಿಗೆ ಚಿಕಿತ್ಸೆಗೆ ಹೋಗುವವರು ಮೊದಲು ಕಾಕಾರನ್ನು ಹುಡುಕಿಕೊಂಡು ಗಂಜಿಗೆ ಹೋಗುವುದು, ಅವರು ಸವಾಲು ಮುಗಿಸಿ ನನ್ನಲ್ಲಿಗೆ ಕರೆತರುವುದು ರೂಢಿಯಾಯಿತು. ಯಾರಿಂದಲೂ ಒಂದು ಚಹಾಕ್ಕಿಂತ ಹೆಚ್ಚಿಗೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಕೇಳುತ್ತಿದ್ದ ಪ್ರಶ್ನೆಗಳು ಮಾತ್ರ ಯಾವಾಗಲೂ ಅವೇ. ಪೇಷಂಟಿಗೆ ಮೆಟ್ಟಿಲು ಹತ್ತಲಾಗುತ್ತದೆಯೇ? ಗಾಡಿಯಲ್ಲಿ ಎಷ್ಟು ಹೊತ್ತು ಕೂಡಬಲ್ಲರು? ವಾಂತಿ ಆಗುತ್ತದೆಯೇ? ಆಗುತ್ತದೆ ಎಂದರೆ, "ಬಾತ್‌ರೂಮ್ ಕೋಣಿ ಒಳಗೇ ಇರೋದ್ ನೋಡು ತಾಯಿ" ಎಂದು ನನಗೆ ಹೇಳುತ್ತಿದ್ದರು.

ಸೋತದ್ದೂ ಉಂಟು. ಆಗ ಅವರು ಪರದೆಯನ್ನೇ ಗದರುತ್ತಿದ್ದರು, "ಏನ್ ಮನಶ್ಯಾನಪಾ ನೀ." ಮೂರು ಸಲ ಸೋತರೆ ಹಠ ಬಿಟ್ಟು ಧರ್ಮಶಾಲೆಗಳ ವಿಳಾಸ ಬರೆಸಿ ಕೊಡುತ್ತಿದ್ದರು.

ಕಲಬುರಗಿಯದೇ ಹಳೇ ಊರಿನ ಗಲ್ಲಿಯ ಟೇಲರ್ ಒಬ್ಬರು ಬಂದದ್ದು ಆ ಹೊತ್ತಿಗೆ. ಅವರ ಮಗಳಿಗೆ ರಕ್ತದ ಕ್ಯಾನ್ಸರ್. ಇಪ್ಪತ್ತರ ಹುಡುಗಿ, ಅಪ್ಪ ಹೊಲಿದ ಬಟ್ಟೆಗೆ ಜರಿ ಕೆಲಸ ಮಾಡುತ್ತಿದ್ದಳು. ತಾಯಿ ಇರಲಿಲ್ಲ. ಮೊದಲೆರಡು ಸಲ ಮುಂಬೈಗೆ ಹೋದಾಗ ಕಾಕಾರೇ ಕೋಣೆ ಹಿಡಿದು ಕೊಟ್ಟಿದ್ದರು. ಮೂರನೆಯ ಸಲಕ್ಕೆ ಆ ಹುಡುಗಿಯೂ ಅಪ್ಪನ ಜೊತೆ ಸೆಂಟರಿಗೆ ಬಂದಳು. ತಲೆಗೆ ದುಪಟ್ಟಾ ಬಿಗಿದು ಕಟ್ಟಿದ್ದಳು. ಕಾಕಾರ ಪಕ್ಕ ಅವಳೂ ನಿಂತೇ ಇದ್ದಳು. ನಕಾಶೆಯ ನೀಲಿ ಭಾಗ ತೋರಿಸಿ, "ಇದು ಸಮುಂದರೇನ್ರಿ ಮೇಡಂ?" ಎಂದು ಕೇಳಿದಳು.

"ಹೌದು."

"ಎರಡ್ ಸಲ ಹೋಗಿ ಬಂದ್ರೂ ನೋಡಿಲ್ರಿ. ಕಿಟಕಿಯಿಂದ ಕಾಣೋ ರೂಮ್ ಇರ್ತಾವೇನ್ರಿ?"

ಅವಳಪ್ಪ ಅವಳ ಭುಜ ಮುಟ್ಟಿ, "ಛೋಡ್ ಬೇಟಿ, ಬಿಡು" ಎಂದರು.

ಕಾಕಾ ಮಾತ್ರ, "ಯಾಕಿರಂಗಿಲ್ಲವ್ವಾ? ಈ ಸಲ ಕಾಣೋದನ್ನೇ ಹಿಡಿಯೋಣ" ಎಂದುಬಿಟ್ಟರು.

ಅವರು ಆ ಮಾತು ಹೇಳದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ದಂಡೆಯ ಮೇಲಿನ ಹೋಟೆಲುಗಳು ನಾಲ್ಕು ಸ್ಟಾರಿನವು. ಮಳೆಗಾಲ ಶುರುವಾಗುವ ಹೊತ್ತು, ಅವು ಖಾಲಿ ಇರುತ್ತವೆ ಎಂದು ಕಾಕಾ ಲೆಕ್ಕ ಹಾಕಿದರು. ಟೇಲರ್ ಕೊಡಬಲ್ಲಷ್ಟು ಬೆಲೆಗೇ ಸವಾಲು ಹಾಕಿಸಿದರು. ತಿರಸ್ಕಾರ. ಬರಿದಾದ ಮೂಲೆ ಸೇರಿಸಿ, ಏರಿಸಿದರು. ತಿರಸ್ಕಾರ. ಸೇರಿಸಬಹುದಾದ ಮೂಲೆಗಳೆಲ್ಲ ಮುಗಿದವು. ನಾನು ಬೇರೆ ಸೈಟಿನಲ್ಲಿ ಹುಡುಕಿ, ಆಸ್ಪತ್ರೆಯ ಹತ್ತಿರವೇ ಒಂದು ಲಾಡ್ಜು ತೋರಿಸಿದೆ. ಸವಾಲಿಲ್ಲ, ಬರೆದ ದರ. ಒಂದೇ ಕೋಣೆ ಉಳಿದಿತ್ತು.

"ಅದರಾಗ ಕಿಟಕಿ ಅದೇನು?"

"ಚಿತ್ರದಾಗ ಕಾಣಂಗಿಲ್ರಿ ಕಾಕಾ."

ಅವರು ಟೇಲರ್ ಕಡೆ ತಿರುಗಿದರು. "ನಾಳಿಗಿ ಇದೇ ಸವಾಲ್ ಮತ್ತ ಹಾಕಾಕ ಬರ್ತದ. ನಾಳಿ ಸಂಜಿಕಿ ನಿಮ್ಮ ಗಾಡಿ. ಒಂದಿನ ತಡೀರಿ. ಹುಡುಗಿಗಿ ಸಮುದ್ರ ತೋರಸ್ತೀನಿ."

"ನೀವು ಹ್ಯಾಂಗ ಹೇಳ್ತೀರಿ ಹಂಗ ಕಾಕಾ" ಎಂದರು ಟೇಲರ್.

ಮರುದಿನ ಪಿಯುಸಿ ಫಲಿತಾಂಶ. ಬಾಗಿಲು ತೆಗೆಯುವ ಮೊದಲೇ ಗಲ್ಲಿಯ ತುಂಬ ಹುಡುಗರು, ಹುಡುಗಿಯರು, ತಾಯಂದಿರು. ಆರು ಕಂಪ್ಯೂಟರಿನ ಮುಂದೆಯೂ ಹತ್ತು ಹತ್ತು ತಲೆ. ಹತ್ತು ಗಂಟೆಯ ಸುಮಾರಿಗೆ ಫೋನು ಬಂತು. ಕಮಲಾಪುರ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಕಾಕಾ.

"ತಾಯಿ, ಸವಾಲ್ ಬ್ಯಾಡ. ನನಗ್ಯಾಕೋ ಮನಸಿಗಿ ಸಮಾಧಾನಿಲ್ಲ. ನಿನ್ನಿ ನೋಡಿದ್ದ ಲಾಡ್ಜನ್ನೇ ಪೂರಾ ರೇಟಿಗಿ ತಗೊಂಡುಬಿಡು. ಈಗಿಂದೀಗ ತಗೋ."

"ಆಯ್ತ್ರಿ ಕಾಕಾ, ತಗೋತೀನಿ."

"ಈಗೇ."

"ಹೂಂರಿ, ಈಗೇ."

ಫೋನು ಇಟ್ಟೆ. ಯಾವನೋ ಹುಡುಗ ನಂಬರಿನ ಚೀಟಿಯನ್ನು ನನ್ನ ಮುಖಕ್ಕೇ ಹಿಡಿದಿದ್ದ. ಅವನದು ನೋಡಿದೆ, ಪಾಸಾಗಿದ್ದ. ಅವನ ಹಿಂದಿನ ಹುಡುಗಿ ನಪಾಸು, ಅಲ್ಲೇ ಕುಸಿದು ಅಳತೊಡಗಿದಳು. ಅವಳಿಗೆ ನೀರು ಕೊಟ್ಟೆ. ಒಂದು ಕಂಪ್ಯೂಟರು ನಿಂತುಹೋಯಿತು. ಒಂದು ಚೀಟಿಗೆ ಎರಡು ನಿಮಿಷ. ಇನ್ನೊಂದು ಮುಗಿಸಿ ನೋಡೋಣ, ಇನ್ನೊಂದು ಮುಗಿಸಿ ನೋಡೋಣ ಎಂದುಕೊಂಡೆ. ಅಷ್ಟು ಗಿರಾಕಿಗಳು ವರ್ಷಕ್ಕೊಂದೇ ದಿನ ಬರುತ್ತಿದ್ದದ್ದು. ಅದೂ ನನ್ನ ತಲೆಯಲ್ಲಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಲಾಡ್ಜಿನ ಪುಟ ತೆರೆದಾಗ ಮೂರು ಗಂಟೆ. ಕೋಣೆ ಹೋಗಿತ್ತು. ಗಾಬರಿಯಿಂದ ಬೇರೆ ಕಡೆ ಹುಡುಕಿದೆ. ಮುಂಬೈಯಲ್ಲಿ ಆ ವಾರ ಏನೋ ಪಂದ್ಯವಿತ್ತು, ಎಲ್ಲ ತುಂಬಿತ್ತು. ಹಿಂದಿನ ದಿನದ ಸವಾಲನ್ನೇ ಹಾಕಿದೆ, ಎಷ್ಟೋ ಏರಿಸಿ ಹಾಕಿದೆ. ತಿರಸ್ಕಾರ.

ನಾಲ್ಕಕ್ಕೆ ಕಾಕಾ ಬಂದರು. ಗಂಜಿನಿಂದ ಓಡುತ್ತಲೇ ಬಂದಿದ್ದರೋ ಏನೋ, ಉಸಿರು ಹತ್ತಿತ್ತು.

"ಸಿಕ್ತೇನು ತಾಯಿ?"

"ಇಲ್ರಿ ಕಾಕಾ. ಹೋಗಿಬಿಟ್ಟಿತ್ತು."

"ನಾ ಫೋನ್ ಮಾಡೂಕಿಂತ ಮೊದಲೇ?"

ನಾನು ಅವರ ಮುಖ ನೋಡಲಿಲ್ಲ. "ಹೂಂ" ಎಂದೆ.

ಆ ಒಂದು "ಹೂಂ" ನನ್ನದು. ಕಾಕಾ ಮೊದಲ ಸಲ ಕುರ್ಚಿಯ ಮೇಲೆ ಕುಳಿತರು. "ನಿನ್ನಿನೇ ತಗೋಬೇಕಿತ್ತು" ಎಂದರು. "ನೀ ತೋರ್ಸಿದ್ದಿ. ನಾನೇ ಬ್ಯಾಡಂದೆ."

ಸುಳ್ಳು ತಿದ್ದಲು ಅದು ಸರಿಯಾದ ಗಳಿಗೆ. ಅಷ್ಟರಲ್ಲಿ ಇನ್ನೊಬ್ಬ ಹುಡುಗ ಚೀಟಿ ಹಿಡಿದು ಬಂದ. ನಾನು ಅವನ ನಂಬರು ಒತ್ತತೊಡಗಿದೆ.

ಆಸ್ಪತ್ರೆಯ ತಾರೀಖು ಮುಂದೆ ಹಾಕುವಂತಿರಲಿಲ್ಲ. ಅಪ್ಪ, ಮಗಳು ಆ ಸಂಜೆಯ ಗಾಡಿಗೇ ಹೋದರು. ಕಾಕಾ ಸ್ಟೇಷನ್ನಿಗೆ ಹೋಗಿ ಧರ್ಮಶಾಲೆಗಳ ವಿಳಾಸ ಕೊಟ್ಟು ಬಂದರು. ಮುಂಬೈಯಲ್ಲಿ ಅವುಗಳಲ್ಲಿ ಯಾವುದರಲ್ಲೂ ಜಾಗ ಸಿಗಲಿಲ್ಲ. ಆಸ್ಪತ್ರೆಯವರು ಔಷಧಿ ಕೊಟ್ಟು ಹೊರಗೆ ಕಳಿಸಿದರು. ಅಪ್ಪ, ಮಗಳು ಆಸ್ಪತ್ರೆಯ ಗೋಡೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಇದ್ದರು. ನಾಲ್ಕನೆಯ ದಿನ ಮುಂಬೈಯ ಮೊದಲ ದೊಡ್ಡ ಮಳೆ. ಅವಳಿಗೆ ಜ್ವರ ಬಂತು. ಆ ಔಷಧಿ ತೆಗೆದುಕೊಂಡವರ ಮೈಯಲ್ಲಿ ಜ್ವರವನ್ನು ತಡೆಯುವ ಶಕ್ತಿ ಇರುವುದಿಲ್ಲವಂತೆ. ವಾರ್ಡಿಗೆ ಸೇರಿಸಿಕೊಂಡರು. ಐದು ದಿನ ಇದ್ದಳು.

ಕೋಣೆ ಸಿಕ್ಕಿದ್ದರೆ ಬದುಕುತ್ತಿದ್ದಳು ಎಂದು ಯಾವ ಡಾಕ್ಟರೂ ಹೇಳಲಿಲ್ಲ. ಬದುಕುತ್ತಿರಲಿಲ್ಲ ಎಂದೂ ಹೇಳಲಿಲ್ಲ.

ಟೇಲರ್ ಊರಿಗೆ ಮರಳಿದ ಮೇಲೆ ಕಾಕಾ ಅವರ ಮನೆಗೆ ಹೊರಟರು. ನನ್ನನ್ನೂ ಕರೆದರು. ಹೋದೆ. ಟೇಲರ್ ಮಷಿನ್ನಿನ ಮುಂದೆ ಕೂತಿದ್ದರು, ಹೊಲಿಯುತ್ತಿರಲಿಲ್ಲ. ಕಾಕಾ ಒಳಗೆ ಕಾಲಿಟ್ಟವರೇ ಅವರ ಎರಡೂ ಕೈ ಹಿಡಿದುಕೊಂಡರು.

"ಅವತ್ತ ನಾ ಸುಮ್ಮನ ಆ ಕೋಣಿ ಹಿಡೀಬೇಕಿತ್ರಿ. ಸಮುದ್ರ ಅಂತ ಕುಂತೆ. ನನ್ನಿಂದ ಆತು."

ಟೇಲರ್ ನಮ್ಮನ್ನು ಕೂಡಿಸಿ ಚಹಾ ತರಿಸಿದರು. ಚಹಾ ಬಂದ ಮೇಲೆ, "ರೂಮಿನ ಸಲುವಾಗಿ ತೆಗೆದಿಟ್ಟ ರೊಕ್ಕ ಹಂಗೇ ಅದ ಕಾಕಾ" ಎಂದರು. "ಈಗ ಅದನ್ನ ಏನ್ ಮಾಡ್ಲಿ? ನೀವೇ ಹೇಳ್ರಿ."

ಅದು ಚುಚ್ಚುಮಾತಾಗಿರಲಿಲ್ಲ. ಆ ಮನುಷ್ಯನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕಾಕಾ ಚಹಾ ಕುಡಿಯದೆ ಬಸಿಯನ್ನು ನೆಲಕ್ಕಿಟ್ಟರು. ನಾನು ಅವರಿಬ್ಬರ ನಡುವೆ ಕೂತು ಬಾಯಿ ತೆರೆಯಲಿಲ್ಲ.

ಅದಾದ ಮೇಲೆ ಕಾಕಾ ಸೆಂಟರಿಗೆ ಬರಲಿಲ್ಲ. ಗಂಜಿನ ಕೆಲಸವನ್ನೂ ಬಿಟ್ಟರೆಂದು ಕೇಳಿದೆ. ರಾಶಿಯ ಮುಂದೆ ನಿಂತರೆ ಒಂದು, ಎರಡು ಎಂದ ಮೇಲೆ ಮೂರು ಎಂದು ಕೂಗಿ ಸವಾಲು ಮುಗಿಸಲು ಆಗುತ್ತಿರಲಿಲ್ಲವಂತೆ. ಜನ ಬಂದು ಕೇಳಿದರೆ ನಾನು ಕಾಕಾ ಕಲಿಸಿದ ಹಾಗೆ ಸವಾಲು ಹಾಕಿ ನೋಡುತ್ತಿದ್ದೆ. ಕೆಲವು ಸಿಕ್ಕವು. ಆಮೇಲೆ ಆ ಸೈಟು ನಮ್ಮ ಕಡೆಯ ಊರುಗಳನ್ನೇ ಕೈಬಿಟ್ಟಿತು.

ಒಂದು ವರ್ಷ ಕಳೆದ ಮೇಲೆ ನಾನು ಕಮಲಾಪುರಕ್ಕೆ ಹೋದೆ. ಫೋನಿನ ವಿಷಯ ಹೇಳಿಬಿಡಬೇಕು ಎಂದೇ ಹೋದದ್ದು. ಕಾಕಾ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಅರ್ಧಕ್ಕೆ ಇಳಿದಿದ್ದರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ನನ್ನನ್ನು ಧ್ವನಿಯಿಂದ ಗುರುತಿಸಿದರು. ಸೊಸೆ ತಾಟಿನಲ್ಲಿ ಕೆಂಪು ಬಾಳೆಹಣ್ಣು ತಂದಿಟ್ಟಳು. "ತಿನ್ನು ತಾಯಿ" ಎಂದು ತಡವಿ ಒಂದು ಹಣ್ಣು ನನ್ನ ಕೈಗೆ ಕೊಟ್ಟರು.

"ಕಾಕಾ, ಅವತ್ತು ನೀವು ಫೋನ್ ಮಾಡಿದ್ರಲ್ಲ" ಎಂದು ನಾನು ಶುರುಮಾಡಿದೆ.

"ಮಾಡಿದ್ದೆ. ತಡ ಆಗಿತ್ತು" ಎಂದರು. "ತಾಯಿ, ಒಂದ್ ಮಾತ್ ಹೇಳ್ತೀನಿ. ನಾ ದಿನಾ ಅದನ್ನೇ ತಿರುವಿ ತಿರುವಿ ನೋಡ್ತೀನಿ. ಟೇಲರ್ ನಂಬಿದ್ದ, ಹುಡುಗಿ ನಂಬಿದ್ಳು, ನೀ ಲಾಡ್ಜ್ ತೋರ್ಸಿದ್ರೂ ನಾ ಕೇಳ್ಲಿಲ್ಲ. ಅದರಾಗ ನಿಂದೇನೂ ತಪ್ಪಿಲ್ಲ. ನಿನ್ನನ್ನ ಅದರಾಗ ಎಳೀಲಿಲ್ಲಲ್ಲ, ಅಷ್ಟೇ ನನಗ ಸಮಾಧಾನ."

ಹಣ್ಣು ನನ್ನ ಕೈಯಲ್ಲೇ ಇತ್ತು. ಅವರಿಗೆ ಉಳಿದ ಒಂದೇ ಸಮಾಧಾನವನ್ನು ಹೇಗೆ ಕಿತ್ತುಕೊಳ್ಳಲಿ ಎಂದು ಆಗ ಅಂದುಕೊಂಡೆ. ಈಗ ಆ ಮಾತನ್ನು ನಾನೇ ನಂಬುವುದಿಲ್ಲ. ನನಗೆ ಹೆದರಿಕೆಯಾಗಿತ್ತು, ಅಷ್ಟೇ. ಹಣ್ಣು ತಿಂದು, ಅವರ ಆರೋಗ್ಯ ವಿಚಾರಿಸಿ, ಮಧ್ಯಾಹ್ನದ ಬಸ್ಸಿಗೆ ವಾಪಸಾದೆ.

ಮೂರು ವರ್ಷಗಳ ನಂತರ ಅವರು ತೀರಿಕೊಂಡರು. ಆ ಹೊತ್ತಿಗೆ ನನ್ನ ಸೆಂಟರ್ ಮುಚ್ಚಿತ್ತು. ಅವರ ಮಗ ಯಾವುದೋ ಕೆಲಸಕ್ಕೆ ಕಲಬುರಗಿಗೆ ಬಂದವನು ಮನೆ ಹುಡುಕಿಕೊಂಡು ಬಂದು ಹೇಳಿದ. ಮಣ್ಣಾಗಿ ಆಗಲೇ ತಿಂಗಳಾಗಿತ್ತು. "ಅಪ್ಪ ನಿಮ್ಮ ಹೆಸರ್ ಭಾಳ ತಗೀತಿದ್ದ ಅಕ್ಕಾರ" ಎಂದ. ಅವನಿಗೆ ಊಟ ಹಾಕಿ ಕಳಿಸಿದೆ.

ಮರುದಿನ ಬೆಳಿಗ್ಗೆ ಹಳೇ ಊರಿನ ಗಲ್ಲಿಗೆ ಹೋದೆ. ಟೇಲರ್ ಅಲ್ಲೇ ಇದ್ದರು, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಕಾಕಾ ಹೋದ ಸುದ್ದಿ ಅವರಿಗೆ ತಿಳಿದಿತ್ತು. ನಾನು ನಿಂತಲ್ಲೇ, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಹತ್ತು ಗಂಟೆಯ ಫೋನು, ಫಲಿತಾಂಶದ ಗದ್ದಲ, ಮೂರು ಗಂಟೆ, ನಾಲ್ಕು ಗಂಟೆಗೆ ಹೇಳಿದ "ಹೂಂ". ಅವರು ಕತ್ತರಿಯನ್ನು ಬಟ್ಟೆಯ ಮೇಲಿಟ್ಟು ಕೇಳಿಸಿಕೊಂಡರು. ಬೈಯುತ್ತಾರೆಂದು ಕಾದೆ. ಬೈದರೆ ಒಳ್ಳೆಯದು ಎನ್ನಿಸಿತ್ತು.

"ಇದು ಕಾಕಾಗ ಗೊತ್ತಿತ್ತೇನ್ರಿ?"

"ಇಲ್ಲ."

"ಯಾವಾಗೂ ಹೇಳ್ಲಿಲ್ಲ ನೀವು?"

"ಇಲ್ಲ."

ಅವರು ಮಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ಹೊರಗೆ ಗಲ್ಲಿಯ ಕಡೆ ನೋಡಿದರು.

"ಬೇಟಿ ಹೋದ ತಾರೀಖಿಗಿ ಪ್ರತಿ ವರ್ಷ ಬರ್ತಿದ್ರು ಮೇಡಂ ಅವ್ರು" ಎಂದರು. "ಕಮಲಾಪುರದಿಂದ ಬಸ್ ಹತ್ತಿ. ಕಣ್ ಹೋದ್ಮ್ಯಾಗೂ ಮಗನ ಕೈ ಹಿಡ್ಕೊಂಡು ಬಂದ್ರು. ಮಾಫಿ ಕೇಳ್ತಿದ್ರು. ನಾ ಅಷ್ಟೂ ವರ್ಷ ಅವರಿಗೇ ಮಾಫಿ ಮಾಡ್ದೆ."